ಹಪ್ಪಳದ ಡಬ್ಬದಲ್ಲಿ ಸಿಕ್ಕಿದ ಟಿಕೆಟ್‌ಗಳು

ನಮ್ಮ ಮನೆಯಲ್ಲಿ ಹಲಸಿನ ಹಪ್ಪಳಕ್ಕೆ ಅಂತಲೇ ಒಂದು ದೊಡ್ಡ ತಗಡಿನ ಡಬ್ಬ ಉಂಟು, ನನ್ನ ಅಮ್ಮನ ಕಾಲದ್ದು. ಮೇ ತಿಂಗಳಲ್ಲಿ ಹಪ್ಪಳ ಒಣಗಿಸಿ ತುಂಬಿಸಿ ಅಟ್ಟಕ್ಕೆ ಹಾಕಿದ್ರೆ ಆಟಿಯ ಮಳೆಗೆ ಕೆಳಗೆ ಇಳಿಸುದು, ದೀಪಾವಳಿ ಹೊತ್ತಿಗೆ ಖಾಲಿ. ಮತ್ತೆ ಮುಂದಿನ ಮೇ ತನಕ ಅದನ್ನು ಯಾರೂ ಮುಟ್ಟುದಿಲ್ಲ. ಹಾಗಾಗಿಯೇ ನಾನು ಆ ಡಬ್ಬವನ್ನು ಆರಿಸಿದ್ದು. ಹಲಸು ಆ ವರ್ಷ ಬೇಗ ಬಂದದ್ದು ನನ್ನ ಗ್ರಹಚಾರ.

2023ರ ಮೇ ಮೊದಲ ವಾರ ಹೆಂಡತಿ ಡಬ್ಬ ಇಳಿಸಿ ಮುಚ್ಚಳ ತೆಗ್ದಳು. ಒಳಗೆ ಕೇರಳ ಲಾಟರಿ ಟಿಕೆಟ್, ನೂರಲ್ಲ ಇನ್ನೂರಲ್ಲ, ಬಾಯಿ ತನಕ. ಎಲ್ಲ ಬಿದ್ದುಹೋದ ನಂಬರುಗಳು, ಆದ್ರೆ ಬಿಸಾಡಿದ ಹಾಗೆ ಅಲ್ಲ, ಕೊನೆಯ ಎರಡು ಅಂಕೆ ನೋಡಿ 00 ಯಿಂದ 99ರ ವರೆಗೆ ಕಟ್ಟು ಕಟ್ಟು ಮಾಡಿ, ಒಂದೊಂದು ಕಟ್ಟಿಗೂ ರಬ್ಬರ್ ಬ್ಯಾಂಡ್, ಒಳಗೆ ಚೀಟಿ, ಚೀಟಿಯಲ್ಲಿ ನನ್ನ ಸಣ್ಣ ಸಣ್ಣ ಅಕ್ಷರ. ಅವಳು ಡಬ್ಬ ತೊಡೆ ಮೇಲೆ ಇಟ್ಕೊಂಡು ಅಡುಗೆಮನೆ ಮೆಟ್ಟಿಲಲ್ಲಿ ಕೂತು ಇದು ಯಾರದ್ದು ಅಂತ ಕೇಳಿದ್ಳು. ನಾನು ಒಂದು ಸೆಕೆಂಡ್ ಯೋಚನೆ ಮಾಡದೆ "ಸೊಸೈಟಿ ಪ್ಯೂನಿಂದು, ಇಟ್ಕೊಳ್ಳಿ ಅಂತ ಕೊಟ್ಟದ್ದು" ಅಂದೆ. ಚೀಟಿಯಲ್ಲಿ ನನ್ನ ಅಕ್ಷರ ಅಂತ ಗೊತ್ತಿದ್ದೂ ಅಂದೆ.

ನಾನು ಎಂಥ ಜನ ಅಂತ ಸ್ವಲ್ಪ ಹೇಳ್ಬೇಕು, ಇಲ್ಲದಿದ್ರೆ ಇದರ ಹದ ಗೊತ್ತಾಗುದಿಲ್ಲ. ಮಂಗಳೂರಿನ ಒಂದು ಸಹಕಾರಿ ಸೊಸೈಟಿಯಲ್ಲಿ 29 ವರ್ಷ ಕ್ಯಾಷಿಯರ್. ಸಂಜೆ ಐದು ರೂಪಾಯಿ ಕಮ್ಮಿ ಬಂದ್ರೆ ಎಲ್ಲರನ್ನೂ ಕೂರಿಸಿ ಹುಡುಕಿಸ್ತಿದ್ದ ಆಸಾಮಿ, ಹುಡುಗರು ಹಿಂದಿನಿಂದ ಬೈತಿದ್ರು. ನಮ್ಮಲ್ಲೂ ಒಂದಂಕಿ ಲಾಟರಿ ಇದ್ದ ಕಾಲ ನೆನಪಿರ್ಬಹುದು ಕೆಲವರಿಗೆ, ಹಂಪನಕಟ್ಟೆಯಲ್ಲಿ ಸಂಬಳದ ದಿನ ಜನ ನೊಣದ ಹಾಗೆ ಮುತ್ತುತ್ತಿದ್ರು, ಸೊಸೈಟಿಯಲ್ಲಿ ಸಾಲ ತೆಗೊಂಡು ಅಲ್ಲಿಗೆ ಹೋಗುವವರನ್ನು ನಾನು ಕೌಂಟರಲ್ಲೇ ಬೈದದ್ದುಂಟು. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ಬಂದ್ ಆದಾಗ ಖುಷಿ ಪಟ್ಟವ ನಾನು. ಕೋಳಿ ಅಂಕಕ್ಕೆ, ಅಂದ್ರೆ ಕೋಳಿ ಕಾದಾಟದ ಜೂಜಿಗೆ, ಭಾವನ ಜೊತೆ ಹೋದ್ರೂ ಹತ್ತು ರೂಪಾಯಿ ಕಟ್ಟದೆ ಚರುಂಬುರಿ ತಿಂದು ಬರುವವ.

ಕಾಯಿಲೆ ಶುರುವಾದದ್ದು ಅಕ್ಷರದಿಂದ. 2021ರಲ್ಲಿ ಆಡಿಟಿಗೆ ಬಂದವರು ನನ್ನ ಲೆಡ್ಜರ್ ಎತ್ತಿ ಕಣ್ಣ ಹತ್ರ ಹಿಡ್ದು "ಎಂತ ಸಾರ್, ಇರುವೆ ಸಾಲು ಬಿಟ್ಟಿದ್ದೀರಿ" ಅಂದ್ರು. ಸಾಲಿನ ಶುರುವಲ್ಲಿ ಸರಿ ಇರ್ತಿತ್ತು, ಮುಂದೆ ಹೋದಹಾಗೆ ಸಣ್ಣ ಆಗ್ತಾ ಆಗ್ತಾ ಮೊತ್ತದ ಹತ್ರ ಬರುವಾಗ ಓದ್ಲಿಕ್ಕೇ ಆಗುದಿಲ್ಲ. ಬಲದ ಭುಜ ನೋವು ಅಂತ ಆರು ತಿಂಗಳು ಫ್ರೋಜನ್ ಶೋಲ್ಡರ್ ಹೆಸರಲ್ಲಿ ಶಾಖ ಕೊಡಿಸ್ಕೊಂಡೆ, ದುಡ್ಡು ದಂಡ. ಅದಕ್ಕೂ ಎರಡು ಮೂರು ವರ್ಷ ಮೊದಲಿಂದಲೇ ಬಂಗುಡೆ ಹುರಿಯುವ ಪರಿಮಳ ನನಗೆ ಬರ್ತಿರ್ಲಿಲ್ಲ, ಹೊರಗೆ ಅಂಗಳದಲ್ಲಿ ಇದ್ದವರಿಗೆ ಬಾಯಲ್ಲಿ ನೀರು ಬರುವಾಗ ಒಳಗೆ ಕೂತ ನನಗೆ ಏನೂ ಇಲ್ಲ, ವಯಸ್ಸಾಯ್ತು ಅಂತ ಬಿಟ್ಟಿದ್ದೆ. ಅದೂ ಇದೇ ಕಾಯಿಲೆಯ ಮುನ್ಸೂಚನೆ ಅಂತ ಈಗ ಗೊತ್ತು.

ನ್ಯೂರೋ ಡಾಕ್ಟ್ರು ಬೆರಳು ತಟ್ಟಿಸಿದ್ರು, ಸುರುಳಿ ಬಿಡಿಸ್ಲಿಕ್ಕೆ ಹೇಳಿದ್ರು, ನಡೆಸಿದ್ರು, ಹಿಂದಿನಿಂದ ಭುಜ ಹಿಡ್ದು ಫಕ್ಕ ಎಳೆದು ಬೀಳ್ತೇನಾ ನೋಡಿದ್ರು. ಬಲಗೈ ಬೀಸುದಿಲ್ಲ ನಡೆಯುವಾಗ ಅಂದ್ರು. ಇದಕ್ಕೆ ರಕ್ತ ಪರೀಕ್ಷೆ ಅಂತ ಒಂದಿಲ್ಲ, ನೋಡಿಯೇ ಹೇಳುದು, ಪಾರ್ಕಿನ್ಸನ್ ಅಂದ್ರು. ನನಗಾಗ 54.

ಮಾತ್ರೆಯ ವಿಷಯ. ಎಲ್ಲರಿಗೂ ಗೊತ್ತಿರುವ ಮದ್ದು ಲೆವೊಡೋಪಾ, ಅದು ಮೆದುಳಿಗೆ ಹೋಗಿ ಡೋಪಮೈನ್ ಆಗ್ತದೆ, ಅಂದ್ರೆ ಕೈ ಕಾಲು ಆಡಿಸ್ಲಿಕ್ಕೆ ಮೆದುಳಿಗೆ ಬೇಕಾದ, ಈ ಕಾಯಿಲೆಯಲ್ಲಿ ಕಮ್ಮಿ ಆಗುವ ರಾಸಾಯನಿಕ. (ಗುಡ್ಡೆಯಲ್ಲಿ ಮೈಗೆ ತಾಗಿದ್ರೆ ತುರಿಸಿ ಜೀವ ಹೋಗುವ ನಸುಗುನ್ನಿ ಉಂಟಲ್ಲ, ಅದರ ಬೀಜದಲ್ಲೂ ಇದೇ ಲೆವೊಡೋಪಾ ಇರುದು. ನೆರೆಮನೆಯವರೊಬ್ಬರು ಅದರ ಪುಡಿ ತಂದು ಕೊಟ್ಟಿದ್ರು, ಮಾತ್ರೆ ಜೊತೆ ಅದನ್ನೂ ತಿಂದ್ರೆ ಡೋಸ್ ಎಷ್ಟಾಯ್ತು ಅಂತ ಲೆಕ್ಕವೇ ಸಿಗುದಿಲ್ಲ ಅಂತ ಡಾಕ್ಟ್ರು ಬೈದ್ರು.) ಆದ್ರೆ ವಯಸ್ಸು ಕಮ್ಮಿ ಇದ್ದವರಿಗೆ ಅದನ್ನು ಬೇಗ ಶುರು ಮಾಡಿದ್ರೆ ಕೆಲವು ವರ್ಷ ಕಳೆದ ಮೇಲೆ ಮೈ ತನ್ನಷ್ಟಕ್ಕೆ ಬಳುಕುವ ತೊಂದರೆ ಬರ್ತದೆ ಅಂತ ಸ್ವಲ್ಪ ಮುಂದೆ ಹಾಕ್ತಾರಂತೆ. ಹಾಗೆ ನನಗೆ ಬರೆದದ್ದು ಪ್ರಮಿಪೆಕ್ಸೋಲ್. ಇದು ಡೋಪಮೈನ್ ಅಲ್ಲ, ಡೋಪಮೈನಿನ ವೇಷ ಹಾಕ್ಕೊಂಡು ಅದರ ಜಾಗದಲ್ಲಿ ಕೂತ್ಕೊಳ್ಳುವ ಮದ್ದು. 0.125 ಮಿಲಿಗ್ರಾಂ ಮೂರು ಹೊತ್ತು ಅಂತ ಶುರು, ನಿಧಾನಕ್ಕೆ ಏರಿಸ್ತಾ ಏರಿಸ್ತಾ 2022ರ ಮಳೆಗಾಲಕ್ಕೆ ದಿನಕ್ಕೆ 3 ಮಿಲಿಗ್ರಾಂ.

ಮೊದಲು ವಾಕರಿಕೆ. ಮತ್ತೆ ಕಾಲು ಬಾತದ್ದು. ಮತ್ತೆ ನಿದ್ದೆ, ಅದು ಸಾಧಾರಣ ನಿದ್ದೆ ಅಲ್ಲ, ಸ್ವಿಚ್ ಆಫ್ ಮಾಡಿದ ಹಾಗೆ, ಒಂದು ದಿನ ನೂರರ ಕಟ್ಟು ಎಣಿಸ್ತಾ ಎಣಿಸ್ತಾ 43ಕ್ಕೆ ಬಂದವ ಅಲ್ಲೇ ಹೋದೆ, ಕೌಂಟರಾಚೆ ನಿಂತ ಹೆಂಗಸು "ಅಯ್ಯೋ ಇವರಿಗೆ ಎಂತ ಆಯ್ತು" ಅಂತ ಬೊಬ್ಬೆ ಹಾಕಿದ ಮೇಲೆ ಎಚ್ಚರ. ಡಾಕ್ಟ್ರು ಸ್ಕೂಟರ್ ಓಡಿಸ್ಬೇಡಿ ಅಂದ್ರು, ಓಡಿಸ್ಲಿಲ್ಲ. ಸ್ಕೂಟರ್ ಬಿಟ್ಟು ಬಸ್ಸು ಹಿಡಿದದ್ದೇ ಮುಂದಿನ ಕಥೆಗೆ ದಾರಿ ಆದದ್ದು.

ಆದ್ರೆ ಮದ್ದು ಕೆಲಸ ಮಾಡ್ತು, ಅದನ್ನು ಹೇಳದಿದ್ರೆ ಮೋಸ ಆಗ್ತದೆ. ಕೈ ಬಂತು. ಅಂಗಿಯ ಗುಂಡಿ ನಾನೇ ಹಾಕ್ಕೊಂಡೆ. ಬರೀ ಕೈ ಅಲ್ಲ, ಮನಸ್ಸೂ ಬಂತು, ಎರಡು ವರ್ಷದಿಂದ ಹಸಿ ಗೋಣಿಯ ಹಾಗೆ ಬಿದ್ದಿದ್ದ ಮನಸ್ಸು ಒಂದೇ ಸಲ ಎದ್ದು ನಿಂತ ಹಾಗೆ. ಬೆಳಿಗ್ಗೆ ಐದಕ್ಕೆ ಎದ್ದು ಅಂಗಳ ಗುಡಿಸುದೇನು, ತೆಂಗಿನ ಬುಡ ಬಿಡಿಸುದೇನು. ಹೆಂಡತಿ ದೇವಸ್ಥಾನಕ್ಕೆ ಹೂವಿನಪೂಜೆ ಕೊಟ್ಟು ಬಂದಳು. ಯಾರಿಗೆ ಸಂಶಯ ಬರ್ತದೆ ಹೇಳಿ, ಕಾಯಿಲೆಯವ ಚುರುಕಾದ ಅಂತ ಎಲ್ಲಿಯಾದ್ರೂ ಯಾರಾದ್ರೂ ಹೆದರ್ತಾರಾ?

ನಮ್ಮ ಮನೆ ಜಪ್ಪಿನಮೊಗರಲ್ಲಿ, ಹೈವೇ ಹತ್ರ. ತಲಪಾಡಿ ಬಸ್ಸು ಮನೆ ಎದುರೇ ಹೋಗುದು, ನೇತ್ರಾವತಿ ಸಂಕ ದಾಟಿದ್ರೆ ತೊಕ್ಕೊಟ್ಟು, ಕೋಟೆಕಾರು, ತಲಪಾಡಿ, ಅಷ್ಟೇ. ಗಡಿ ಆಚೆ ಕಾಲಿಟ್ರೆ ಕೇರಳ, ಸರ್ಕಾರದ್ದೇ ಲಾಟರಿ, ಕಾನೂನು ಪ್ರಕಾರ, ದಿನಾ ಮಧ್ಯಾಹ್ನ ಮೂರಕ್ಕೆ ಡ್ರಾ. 2022ರ ಆಗಸ್ಟಲ್ಲಿ ಮಂಜೇಶ್ವರದ ಒಂದು ಗೃಹಪ್ರವೇಶಕ್ಕೆ ಹೋದವ ವಾಪಸ್ ಬರುವಾಗ ಬಸ್ಸಿಗೆ ಕಾಯ್ತಾ ನಿಂತದ್ದು, ಎದುರು ಟೇಬಲ್ ಇಟ್ಕೊಂಡು ಒಬ್ಬ ಅಜ್ಜ "ನಾಳೆ ನಾಳೆ" ಅಂತ ಕರೀತಿದ್ದ, ಮಲಯಾಳದಲ್ಲೂ ನಾಳೆ ಅಂದ್ರೆ ನಾಳೆಯೇ. 40 ರೂಪಾಯಿ ಕೊಟ್ಟೆ. ತಮಾಷೆಗೆ. ಅದಕ್ಕೆ 100 ರೂಪಾಯಿ ಬಂತು. ಮರುವಾರ ಐದು ತೆಗೊಂಡೆ, ಕೊನೆಯ ನಾಲ್ಕು ಅಂಕೆ ಕೂಡಿ ಬಂದು 5,000 ಬಂತು. ನನ್ನನ್ನು ಹಾಳು ಮಾಡಿದ್ದು ಆ 5,000.

ಸೆಪ್ಟೆಂಬರಲ್ಲಿ ಓಣಂ ಬಂಪರ್, ಆ ವರ್ಷ ಮೊದಲ ಬಹುಮಾನ 25 ಕೋಟಿ, ಒಂದು ಟಿಕೆಟಿಗೆ 500. ಹನ್ನೆರಡು ತೆಗೊಂಡೆ. ಬಹುಮಾನ ತಿರುವನಂತಪುರದ ಒಬ್ಬ ಆಟೋ ಡ್ರೈವರಿಗೆ ಬಂತು, ಟಿವಿಯಲ್ಲಿ ಅವನನ್ನು ನೋಡುವಾಗ ನನಗೆ ಹೊಟ್ಟೆಕಿಚ್ಚು ಆಗ್ಲಿಲ್ಲ, ಅದಕ್ಕಿಂತ ವಿಚಿತ್ರ, "ಹತ್ರ ಬಂತು, ಇನ್ನು ನನ್ನ ಸರದಿ" ಅಂತ ಮೈ ಜುಂ ಅಂತು. ಅಷ್ಟು ದೂರದ ಊರಲ್ಲಿ ಯಾರಿಗೋ ಬಂದದ್ದು ನನಗೆ ಹತ್ರ ಹೇಗೆ ಆಗ್ತದೆ? ಲೆಕ್ಕದವ ನಾನು, ಮಾರಾಯ್ರೆ. ಲಕ್ಷದಲ್ಲಿ ಎಷ್ಟು ಟಿಕೆಟಿಗೆ ಎಷ್ಟು ಬಹುಮಾನ ಅಂತ ಪೆನ್ಸಿಲಲ್ಲಿ ಹಾಕಿ ನೋಡಿದ್ದೆ, ನಷ್ಟ ಅಂತ ಗೊತ್ತಿತ್ತು, ಗೊತ್ತಿದ್ದು ಅದೇ ಪೆನ್ಸಿಲಲ್ಲಿ ಮರುದಿನದ ನಂಬರ್ ಬರೀತಿದ್ದೆ. ಬುದ್ಧಿ ಒಂದು ಕೋಣೆಯಲ್ಲಿ ಕೂತು ಸರಿಯಾಗಿ ಲೆಕ್ಕ ಹೇಳ್ತಿತ್ತು, ಕಾಲು ಇನ್ನೊಂದು ಕೋಣೆಯಿಂದ ಚಪ್ಪಲಿ ಹಾಕ್ಕೊಂಡು ಹೊರಟಾಗಿತ್ತು.

ರಾತ್ರಿ ಬೇರೆ ರಗಳೆ. ಒಂದೂವರೆಗೆ ಎಚ್ಚರ ಆಗ್ತಿತ್ತು, ಚಾವಡಿಯಲ್ಲಿ ಸಣ್ಣ ಬಲ್ಬ್ ಹಾಕಿ, ನೆಲದಲ್ಲಿ ಪೇಪರ್ ಹಾಸಿ, ಟಿಕೆಟ್ ಎಲ್ಲ ಸುರಿದು ವಿಂಗಡಿಸುದು. ಮೊದಲು ವಾರದ ಪ್ರಕಾರ, ಒಂದೊಂದು ವಾರದ ಲಾಟರಿಗೆ ಒಂದೊಂದು ಹೆಸರು, ನಿರ್ಮಲ್ ಒಂದು ಕಡೆ, ಕಾರುಣ್ಯ ಒಂದು ಕಡೆ. ಮತ್ತೆ ಅದನ್ನು ಕಲಸಿ ಕೊನೆಯ ಅಂಕೆ ಪ್ರಕಾರ. ಅದೂ ಸರಿ ಕಾಣದೆ ಕೊನೆಯ ಎರಡು ಅಂಕೆ ಪ್ರಕಾರ. ಮೂಲೆ ಮಡಚಿದ್ದನ್ನು ಉಗುರಿನಿಂದ ಬಿಡಿಸಿ ನೆಟ್ಟಗೆ ಮಾಡುದು. ರಬ್ಬರ್ ಬ್ಯಾಂಡ್ ಎರಡು ಸುತ್ತು, ಮೂರು ಸುತ್ತು ಹಾಕಿದ್ರೆ ಕಟ್ಟು ಬಾಗ್ತದೆ, ಒಂದೇ ಸುತ್ತಾದ್ರೆ ಜಾರ್ತದೆ, ಎರಡೇ ಸರಿ. ಸೋತ ಟಿಕೆಟ್ ಇವೆಲ್ಲ, ಏನಕ್ಕೂ ಬಾರದ್ದು, ಆದ್ರೂ 37ರ ಕಟ್ಟಲ್ಲಿ 73 ಸಿಕ್ಕಿದ್ರೆ ಎದೆ ಡವಡವ. ಹೆಂಡತಿ ಬಾತ್‌ರೂಮಿಗೆ ಎದ್ದ ಶಬ್ದ ಕೇಳಿದ್ರೆ ಪೇಪರ್ ಸಮೇತ ಸೋಫಾದಡಿಗೆ ತಳ್ಳಿ ಪಂಚಾಂಗ ನೋಡುವವನ ಹಾಗೆ ಕೂರುದು. ಮಸೀದಿಯ ಬಾಂಗ್ ಕೇಳುವಾಗ ಓ ಬೆಳಗಾಯ್ತು ಅಂತ ಗೊತ್ತಾಗ್ತಿತ್ತು. ಈ ಥರ ಅರ್ಥ ಇಲ್ಲದ ಕೆಲಸವನ್ನು ಗಂಟೆಗಟ್ಟಲೆ ಮಾಡ್ತಾ ಕೂರುದಕ್ಕೆ ಪಂಡಿಂಗ್ ಅಂತ ಹೆಸರೇ ಉಂಟಂತೆ, ಸ್ವೀಡನ್ನಿನ ಮಾತು, ಅಲ್ಲಿ ಆಂಫೆಟಮಿನ್ ಥರದ ನಶೆ ಮಾಡುವವರಲ್ಲಿ ಮೊದಲು ಗುರುತಿಸಿದ್ದು. ಕೆಲವರು ರೇಡಿಯೋ ಬಿಚ್ಚಿ ಬಿಚ್ಚಿ ಜೋಡಿಸ್ತಾರಂತೆ, ಕೆಲವರು ಗುಂಡಿ ವಿಂಗಡಿಸ್ತಾರಂತೆ. ಕ್ಯಾಷಿಯರ್ ಆದವ ಕಟ್ಟು ಕಟ್ಟಿದ.

ಇದರಲ್ಲಿ ಜನರಿಗೆ ಅರ್ಥ ಮಾಡಿಸ್ಲಿಕ್ಕೆ ಕಷ್ಟ ಆಗುದು ಒಂದೇ. "ನಿಮಗೆ ಗೊತ್ತಾಗ್ಲಿಲ್ವಾ ಏನೋ ಆಗ್ತಾ ಉಂಟು ಅಂತ" ಅಂತ ಎಲ್ಲರೂ ಕೇಳ್ತಾರೆ. ಇಲ್ಲ. ಕೈ ನಡುಗುದು ನಾನಲ್ಲ ಅಂತ ಗೊತ್ತಾಗ್ತದೆ, ನನ್ನ ಕೈ ನನ್ನ ಮಾತು ಕೇಳುದಿಲ್ಲ ಅಂತ ಕಣ್ಣಿಗೆ ಕಾಣ್ತದೆ. ಆದ್ರೆ ಆಸೆ ಹಾಗಲ್ಲ. ತಲಪಾಡಿಗೆ ಹೋಗ್ಬೇಕು ಅಂತ ಅನ್ನಿಸುದು ಹೊರಗಿನಿಂದ ಯಾರೋ ದೂಡಿದ ಹಾಗೆ ಇರ್ಲಿಲ್ಲ, ನನಗೇ ಅನ್ನಿಸಿದ್ದು, ನನ್ನದೇ ಸ್ವರದಲ್ಲಿ, ನನ್ನದೇ ನೆಪದ ಜೊತೆ, ಮಗಳ ಮದುವೆಗೆ ಆಯ್ತು, ಸಾಲ ತೀರಿಸ್ಬಹುದು, ಇದು ಕೊನೇದು. ದೈವ ಮೈಮೇಲೆ ಬಂದವನಿಗಾದ್ರೂ ಇಳಿದ ಮೇಲೆ ಬಂದಿತ್ತು ಅಂತ ಗೊತ್ತಾಗ್ತದೆ. ನನಗೆ ಬಂದದ್ದೂ ಗೊತ್ತಿಲ್ಲ, ಇಳಿಯುದೂ ಇಲ್ಲ, ಯಾಕಂದ್ರೆ ದಿನಕ್ಕೆ ಮೂರು ಹೊತ್ತು ನಾನೇ ನೀರು ಕುಡಿದು ಬರಮಾಡಿಕೊಳ್ತಿದ್ದೆ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸ್ತೇನೆ. ಮಗಳ ಹೆಸರಿನ ಒಂದು ಎಫ್‌ಡಿ ಅವಧಿಗೆ ಮೊದಲೇ ಒಡೆದೆ. ನನ್ನ ಸರ ಅಡವಿಟ್ಟೆ, ಹುಕ್ ಹೋಗಿದೆ ರಿಪೇರಿಗೆ ಕೊಟ್ಟಿದ್ದೇನೆ ಅಂದೆ. ರಾತ್ರಿ ಮೊಬೈಲಲ್ಲಿ ರಮ್ಮಿ ಬೇರೆ. ಆಮೇಲೆ ಕೂತು ಎಣಿಸುವಾಗ ಟಿಕೆಟ್ 4,812, ರಮ್ಮಿ ಸೇರಿ ಒಟ್ಟು ಹೋದದ್ದು 3,26,000 ಚಿಲ್ಲರೆ. ಒಂದು ಸಲ, ಒಂದೇ ಸಲ, ಸೊಸೈಟಿ ಡ್ರಾಯರಿಂದ 2,000 ತೆಗ್ದೆ. ಬೆಳಿಗ್ಗೆ ತೆಗ್ದದ್ದು ಊಟದ ಹೊತ್ತಲ್ಲಿ ಎಟಿಎಂಗೆ ಓಡಿ ತಂದು ಇಟ್ಟೆ, ಸಂಜೆ ಟ್ಯಾಲಿ ಆಯ್ತು, ಯಾರಿಗೂ ಗೊತ್ತಾಗ್ಲಿಲ್ಲ. 29 ವರ್ಷದಲ್ಲಿ ಆ ನಾಲ್ಕು ಗಂಟೆ. ಇದನ್ನು ಹೆಂಡತಿಗೆ ಹೇಳಿದ್ದು ಈ ವರ್ಷ, ಇಲ್ಲಿ ಬರೆಯುದಕ್ಕೆ ಸ್ವಲ್ಪ ಮೊದಲು.

ತಿನ್ನುದೂ ಜಾಸ್ತಿ ಆಗಿತ್ತು, ಮಧ್ಯರಾತ್ರಿ ಬಾಳೆಹಣ್ಣಿನ ಹಲ್ವ ಅರ್ಧ ಕೇಜಿ ಡಬ್ಬದಿಂದಲೇ, ಏಳು ಕೇಜಿ ಏರಿದ್ದೆ. ಮತ್ತೆ ಇನ್ನೊಂದು ವಿಷಯ. ಬರಿಯದೆ ಬಿಡುವ ಅಂತ ಇದ್ದೆ, ಆದ್ರೆ ಇದನ್ನು ಎಲ್ಲರೂ ಬಿಡುದರಿಂದಲೇ ಯಾರಿಗೂ ಗೊತ್ತಾಗುದಿಲ್ಲ. ಗಂಡ ಹೆಂಡಿರ ವಿಷಯದಲ್ಲಿ ನನಗೆ 25ರ ವಯಸ್ಸಲ್ಲೂ ಇಲ್ಲದ ಹಟ ಬಂದಿತ್ತು. ದಿನಾ, ಹೊತ್ತು ಗೊತ್ತು ಇಲ್ಲ, ಬೇಡ ಅಂದ್ರೆ ಸಿಟ್ಟು. ಅವಳು ಮಗಳ ಕೋಣೆಗೆ ಹಾಸಿಗೆ ಹಾಕಿದ್ಳು, ಮಗಳ ಹತ್ರ ಫ್ಯಾನ್ ಶಬ್ದ ಆಗುದಿಲ್ಲ ಅಂತ ಏನೋ ಕಾರಣ ಹೇಳಿ. ಯಾರ ಹತ್ರ ಹೇಳ್ತಾಳೆ? ಅವಳ ತಂಗಿಗೆ ಹೇಳ್ಲಿಕ್ಕೂ ಆಗುದಿಲ್ಲ, ಡಾಕ್ಟ್ರಿಗೆ ಹೇಳ್ಲಿಕ್ಕೂ ಆಗುದಿಲ್ಲ. ಲಾಟರಿಗೆ ನಾನು ಕ್ಷಮೆ ಕೇಳಿದ್ದೇನೆ ಹತ್ತು ಸಲ, ಇದಕ್ಕೆ ಸರಿಯಾಗಿ ಕೇಳ್ಲಿಕ್ಕೆ ಇನ್ನೂ ಬಾಯಿ ಬರ್ಲಿಲ್ಲ.

ಡಬ್ಬ ಸಿಕ್ಕಿದ ಮೇಲೆ ಮನೆಯಲ್ಲಿ ಕೋರ್ಟ್. ಭಾವ ಬಂದ್ರು, ಮಗ ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಬಂದ. ಒಬ್ಬರು ಇಳಿವಯಸ್ಸಿನ ಚಾಳಿ ಅಂದ್ರು, ಒಬ್ಬರು ಯಾರೋ ಮಾಡಿಸಿದ್ದಾರೆ ಪ್ರಶ್ನೆ ಇಡುವ ಅಂದ್ರು, ಮಗ ಏನೂ ಹೇಳದೆ ನನ್ನ ಎಟಿಎಂ ಕಾರ್ಡ್ ತೆಗ್ದು ಅವನ ಪರ್ಸಲ್ಲಿ ಇಟ್ಟ. ನನಗೆ ನಾಚಿಕೆಯಲ್ಲಿ ಭೂಮಿ ಬಾಯಿ ಬಿಡ್ಬಾರದಾ ಅಂತ. ಆ ರಾತ್ರಿಯೇ, ನನಗೆ ಮಾತ್ರೆಯೂ ಬೇಡ ಏನೂ ಬೇಡ ಅಂತ ನಿಲ್ಲಿಸಿದೆ. ಮಾತ್ರೆಗೂ ಇದಕ್ಕೂ ಸಂಬಂಧ ಉಂಟು ಅಂತ ಅಲ್ಲ, ಸುಮ್ಮನೆ ಸಾಯುವ ಅಂತ. ಮೂರನೇ ದಿನಕ್ಕೆ ಮಗ್ಗುಲು ಹೊರಳ್ಲಿಕ್ಕೆ ಆಗ್ಲಿಲ್ಲ, ಮರದ ದಿಮ್ಮಿ. ಮೈಯೆಲ್ಲ ಬೆವರು, ಎದೆ ಹಿಡಿದ ಹಾಗೆ, ಈಗ ಹೋಗ್ತೇನೆ ಈಗ ಹೋಗ್ತೇನೆ ಅಂತ ಕಿರುಚಿದೆನಂತೆ. ಹಾರ್ಟ್ ಅಟ್ಯಾಕ್ ಅಂತ ಎತ್ತಿಕೊಂಡು ಹೋದ್ರು. ಹಾರ್ಟ್ ಸರಿಯೇ ಇತ್ತು. ಇದನ್ನು ಯಾರೂ ಮಾಡ್ಬೇಡಿ, ಈ ಮಾತ್ರೆ ಫಕ್ಕ ನಿಲ್ಲಿಸುದು ಜೀವಕ್ಕೇ ಅಪಾಯ.

ಈ ಸಲ ಹೋದ ಆಸ್ಪತ್ರೆ ಬೇರೆ. ಅಲ್ಲಿ ದೊಡ್ಡ ಡಾಕ್ಟ್ರು ಬರುವ ಮೊದಲು ಒಂದು ಸಣ್ಣ ಹುಡುಗಿ, ಪಿಜಿ ಮಾಡುವವಳು, ಒಂದು ಫಾರ್ಮ್ ಹಿಡ್ಕೊಂಡು ಬಂದು ಎಲ್ಲ ಕೇಳಿದ್ಳು, ಮಲಬದ್ಧತೆ ಉಂಟಾ, ಕನಸಲ್ಲಿ ಕೂಗ್ತೀರಾ, ಹೀಗೆ. ಅದೇ ಸ್ವರದಲ್ಲಿ, ತಲೆ ಎತ್ತದೆ, "ಈಚೆಗೆ ಜೂಜು, ಶಾಪಿಂಗ್, ತಿನ್ನುದು, ಸೆಕ್ಸ್, ಇದರಲ್ಲಿ ಯಾವುದಾದ್ರೂ ಮೊದಲಿಗಿಂತ ಜಾಸ್ತಿ ಆಗಿದ್ಯಾ ಅಂಕಲ್?" ಅಂತ ಕೇಳಿದ್ಳು. ನಾನು "ಇಲ್ಲ" ಅಂದೆ. ಅವಳು ಇಲ್ಲ ಅಂತ ಟಿಕ್ ಹಾಕ್ಲಿಕ್ಕೆ ಪೆನ್ನು ಇಟ್ಟಿದ್ಳು, ಅಷ್ಟರಲ್ಲಿ ನನ್ನ ಹೆಂಡತಿ, ಇಷ್ಟು ಹೊತ್ತು ಮೂಲೆಯಲ್ಲಿ ಬ್ಯಾಗ್ ಹಿಡ್ಕೊಂಡು ನಿಂತವಳು, "ಇದನ್ನು ಯಾಕೆ ಕೇಳಿದ್ದು ನೀವು?" ಅಂದಳು. ಹುಡುಗಿ "ಈ ಮಾತ್ರೆಯಲ್ಲಿ ಕೆಲವರಿಗೆ ಹಾಗೆ ಆಗ್ತದೆ ಆಂಟಿ, ಅದಕ್ಕೆ" ಅಂದ್ಳು. ಹೆಂಡತಿ ಅಲ್ಲಿದ್ದ ಸ್ಟೂಲಲ್ಲಿ ಕೂತು ಸೆರಗು ಬಾಯಿಗೆ ಇಟ್ಕೊಂಡು ಅತ್ತಳು. ಡಬ್ಬ ಸಿಕ್ಕಿದ ದಿನ ಅಳ್ಲಿಲ್ಲ ಅವಳು, ಸರ ಅಡವಿಟ್ಟದ್ದು ಗೊತ್ತಾದ ದಿನ ಅಳ್ಲಿಲ್ಲ.

ದೊಡ್ಡ ಡಾಕ್ಟ್ರು ನಮ್ಮ ಊರಿನವರೇ, ಬೇಸಾಯದ ಮನೆಯವರು ಇರ್ಬೇಕು. ಅವರು ಹೇಳಿದ ರೀತಿ ನನ್ನ ತಲೆಯಲ್ಲಿ ನಿಂತಿದೆ. ಎತ್ತರದ ಬೆಟ್ಟು ಗದ್ದೆ, ನಡುವಿನ ಮಜಲು ಗದ್ದೆ, ತಗ್ಗಿನ ಬೈಲು ಗದ್ದೆ ಗೊತ್ತಲ್ಲ ಅಂದ್ರು. ಈ ಕಾಯಿಲೆಯಲ್ಲಿ ಒಣಗುದು ಬೆಟ್ಟು, ಅಂದ್ರೆ ಕೈ ಕಾಲು ಆಡಿಸುವ ಭಾಗ, ಅಲ್ಲಿ ಡೋಪಮೈನ್ ಇಲ್ಲ. ಆಸೆ, ಖುಷಿ, ಬೇಕು ಅನ್ನಿಸುದು, ಇದರ ಭಾಗ ಬೈಲು, ಅಲ್ಲಿ ಶುರುವಲ್ಲಿ ನೀರು ಬೇಕಾದಷ್ಟು ಉಂಟು. ಬೆಟ್ಟಿಗೆ ಅಂತ ನಾವು ಪಂಪ್ ಬಿಡ್ತೇವೆ, ನೀರು ಬೆಟ್ಟಲ್ಲಿ ಮಾತ್ರ ನಿಲ್ಲು ಅಂದ್ರೆ ನಿಲ್ತದಾ? ಬೈಲು ಮುಳುಗ್ತದೆ. ಅದರಲ್ಲೂ ಈ ಪ್ರಮಿಪೆಕ್ಸೋಲ್, ರೋಪಿನಿರೋಲ್ ಥರದ ಮದ್ದಿಗೆ ಬೈಲಿನ ಕಡೆ ಒಲವು ಜಾಸ್ತಿ, ಡಿ3 ಅಂತ ಡೋಪಮೈನನ್ನು ಹಿಡ್ಕೊಳ್ಳುವ ಒಂದು ಗ್ರಾಹಕ (ರಿಸೆಪ್ಟರ್) ಅಲ್ಲೇ ದಟ್ಟ ಇರುದು ಅಂತೆ. 2010ರಲ್ಲಿ ಅಮೆರಿಕ, ಕೆನಡಾದಲ್ಲಿ 3,090 ಪಾರ್ಕಿನ್ಸನ್ ರೋಗಿಗಳನ್ನು ಕೇಳಿ ಮಾಡಿದ ಅಧ್ಯಯನ ಉಂಟು, ಈ ಜಾತಿಯ ಮದ್ದು ತೆಗೊಳ್ಳುವವರಲ್ಲಿ ನೂರಕ್ಕೆ 17 ಜನರಿಗೆ, ತೆಗೊಳ್ಳದವರಲ್ಲಿ 7 ಜನರಿಗೆ ಇಂಥ ಒಂದಲ್ಲ ಒಂದು ಹುಚ್ಚು ಇತ್ತು. 17 ಅಂದ್ರೆ ಆರರಲ್ಲಿ ಒಬ್ಬರು. ನಮ್ಮ ಬಸ್ಸಿನ ಒಂದು ಸೀಟಲ್ಲಿ ಇಬ್ಬರು ಕೂರುದಾದ್ರೆ ಮೂರು ಸೀಟಿಗೆ ಒಬ್ಬ.

ನನಗೆ ಸಿಟ್ಟು ಬಂತು, ಸುಳ್ಳು ಹೇಳುದಿಲ್ಲ. ವಾಕರಿಕೆ ಬರ್ತದೆ ಅಂತ ಹೇಳಿದ್ರು, ಕಾಲು ಬಾತ್ರೆ ಹೇಳಿ ಅಂದ್ರು, ಸ್ಕೂಟರ್ ಓಡಿಸ್ಬೇಡಿ ಅಂದ್ರು, ಇದೊಂದನ್ನು ಮೊದಲ ಕಡೆಯಲ್ಲಿ ಯಾರೂ ಹೇಳ್ಲಿಲ್ಲ. ಮೆಡಿಕಲ್‌ನವರು ಸ್ಟ್ರಿಪ್ ಕತ್ತರಿಸಿ ಕವರಿಗೆ ಹಾಕಿ ಕೊಡ್ತಾರೆ, ಮದ್ದಿನ ಮಾಹಿತಿಯ ಚೀಟಿ ಗೀಟಿ ಎಲ್ಲಿಂದ ಬರ್ಬೇಕು. ಆದ್ರೆ ಮಲಗಿ ಯೋಚನೆ ಮಾಡುವಾಗ ಅನ್ನಿಸಿತು, ಹೇಳಿದ್ರೆ ನಾನು ನಂಬ್ತಿದ್ದೆನಾ? "ನಿಮಗೆ ಜೂಜಿನ ಹುಚ್ಚು ಹಿಡಿಯಬಹುದು" ಅಂದ್ರೆ ಈ ಕ್ಯಾಷಿಯರ್ ನಗಾಡಿ ಎದ್ದು ಬರ್ತಿದ್ದ. ನನಗಲ್ಲ, ಹೆಂಡತಿಗೆ ಹೇಳ್ಬೇಕಿತ್ತು. ನಾನು ಇಲ್ಲ ಅಂದ ಹಾಗೆ ಎಲ್ಲರೂ ಇಲ್ಲ ಅಂತಾರೆ.

ಇಳಿಸುದು ಏರಿಸಿದ್ದಕ್ಕಿಂತ ಕಷ್ಟ. ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡ್ತಾ, ಆ ಕಡೆಯಿಂದ ಲೆವೊಡೋಪಾ ಕಾರ್ಬಿಡೋಪಾ ಸೇರಿಸ್ತಾ, ಎರಡೂವರೆ ತಿಂಗಳು ಹಿಡೀತು. ಕೈ ಕಾಲಿಗೆ ಹೊಸ ಮಾತ್ರೆ ಸಾಕಾಯ್ತು, ಆದ್ರೆ ಮನಸ್ಸಿಗೆ ಸಾಕಾಗ್ಲಿಲ್ಲ. ಸಾರಾಯಿ ಬಿಟ್ಟವರ ಸಂಕಟ ಕೇಳಿದ್ದೆ, ಈಗ ನೋಡಿದೆ. ಸುಮ್ಮನೆ ಕೂತಲ್ಲಿ ಹೆದರಿಕೆ, ಎಂತದ್ದಕ್ಕೆ ಅಂತ ಇಲ್ಲ. ಬಾಗಿಲು ಬಡಿದ್ರೆ ಸಿಟ್ಟು. ಯಾವುದರಲ್ಲೂ ರುಚಿ ಇಲ್ಲ, ಮಳೆ ಬಂದ್ರೂ ಅಷ್ಟೇ ಬಿಟ್ರೂ ಅಷ್ಟೇ, ಯಕ್ಷಗಾನದ ಚೆಂಡೆ ಕೇಳಿದ್ರೂ ತಗಡು ಬಡಿದ ಹಾಗೆ. "ಆ ಮಾತ್ರೆ ಅರ್ಧ ಆದ್ರೂ ಕೊಡಿ" ಅಂತ ಡಾಕ್ಟ್ರ ಹತ್ರ ಕೈ ಮುಗಿದಿದ್ದೇನೆ. ಇದು ಆ ಜಾತಿಯ ಮದ್ದು ಬಿಡುವಾಗ ಕೆಲವರಿಗೆ ಬರುದೇ, ಲೆವೊಡೋಪಾ ಜಾಸ್ತಿ ಮಾಡಿದ್ರೆ ಹೋಗುದಿಲ್ಲ, ತಾಳ್ಬೇಕು ಅಂದ್ರು. ಮಧ್ಯಾಹ್ನ ಮೂರು ಗಂಟೆ ಆಗುವಾಗ ಹೊಟ್ಟೆಯೊಳಗೆ ಒಂದು ಮೀನು ಹೊರಳಿದ ಹಾಗೆ. ಹೆಂಡತಿ ಆ ಹೊತ್ತಿಗೆ ಸರಿಯಾಗಿ ನನ್ನ ಕೈಗೆ ತೆಂಗಿನಕಾಯಿ ಮತ್ತು ಹೆರೆಮಣೆ ಕೊಡ್ತಿದ್ಳು. ಮೂರು ತಿಂಗಳು ನಮ್ಮ ಮನೆಯ ಕಾಯಿ ಎಲ್ಲ ನಾನೇ ತುರಿದದ್ದು.

ಮತ್ತೆ ನಿಧಾನಕ್ಕೆ ಹೋಯ್ತು. ಯಾವ ದಿನ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಒಂದು ಸಂಜೆ ಐದಕ್ಕೆ ಚಾ ಕುಡೀತಾ ಇರುವಾಗ ಓ ಮೂರು ಗಂಟೆ ಆಗಿ ಹೋಯ್ತಲ್ಲ ಅಂತ ನೆನಪಾಯ್ತು, ಅಷ್ಟೇ.

ಈಗಿನ ರಗಳೆ ಬೇರೆ. ಈ ಲೆವೊಡೋಪಾ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು ಖಾಲಿ ಹೊಟ್ಟೆಗೆ, ಮೀನು ಬೇಳೆ ಮೊಟ್ಟೆಯ ಪ್ರೋಟೀನು ಇದರ ದಾರಿಗೆ ಅಡ್ಡ ಬರ್ತದೆ. ಮಧ್ಯಾಹ್ನ ಬೂತಾಯಿ ಗಸಿ ಹೊಡೆದ ದಿನ ಮೂರಕ್ಕೆ ಕಾಲು ನೆಲಕ್ಕೆ ಅಂಟು ಹಾಕಿದ ಹಾಗೆ. ಹಾಗಾಗಿ ಮೀನು ರಾತ್ರಿಗೆ ಹೋಯ್ತು, ಮಧ್ಯಾಹ್ನ ಗಂಜಿ, ತಿಮರೆ ಚಟ್ನಿ. ಕೈ ಆಗಿನಷ್ಟು ಚುರುಕಿಲ್ಲ, ಸಂಜೆ ಮಾತ್ರೆ ಇಳಿಯುವ ಹೊತ್ತಲ್ಲಿ ಗುಂಡಿ ಹಾಕ್ಲಿಕ್ಕೆ ಅವಳು ಬೇಕು. ಸೊಸೈಟಿಯಿಂದ ಅವಧಿಗೆ ಮೊದಲೇ ನಿವೃತ್ತಿ ತೆಗೊಂಡೆ. ಎಟಿಎಂ ಕಾರ್ಡ್ ಮಗನ ಹತ್ರವೇ, ನಾನೇ ವಾಪಸ್ ಕೇಳ್ಲಿಲ್ಲ, ದಿನಕ್ಕೆ ನೂರು ರೂಪಾಯಿ ಹೆಂಡತಿ ಕೊಡ್ತಾಳೆ, ಸಂಜೆ ಲೆಕ್ಕ ಒಪ್ಪಿಸ್ತೇನೆ. ಐದು ರೂಪಾಯಿ ಕಮ್ಮಿ ಬಂದ್ರೆ ಅವಳು ಹುಡುಕಿಸ್ತಾಳೆ. ಆ ಭಾರಿ ಉತ್ಸಾಹದ ದಿನಗಳು ಕೆಲವು ಸಲ ನೆನಪಾಗ್ತದೆ, ಬೆಳಿಗ್ಗೆ ಐದಕ್ಕೆ ಅಂಗಳ ಗುಡಿಸಿದ್ದು, ಅದು ನಾನು ಗುಣ ಆದದ್ದಾ ಮಾತ್ರೆ ಗುಡಿಸಿದ್ದಾ ಅಂತ. ತೆಂಗಿನ ಬುಡ ಬಿಡಿಸಿದ್ದಂತೂ ಫಲ ಕೊಟ್ಟಿದೆ, ಈ ವರ್ಷ ಕಾಯಿ ಜಾಸ್ತಿ.

ಹೋದ ತಿಂಗಳು ಫಾಲೋಅಪ್ಪಿಗೆ ಹೋಗಿದ್ದೆವು. ಹೊರಗೆ ಬೆಂಚಲ್ಲಿ ನಮ್ಮ ಪಕ್ಕ ಕಾರ್ಕಳ ಕಡೆಯ ಗಂಡ ಹೆಂಡತಿ, ಗಂಡನಿಗೂ ಇದೇ ಕಾಯಿಲೆ, ಎಡಗೈ. ಹೆಂಗಸರಿಬ್ಬರು ಮಾತಿಗೆ ಶುರು ಮಾಡಿದ್ರು, ಎಷ್ಟು ವರ್ಷ ಆಯ್ತು, ಮಕ್ಕಳು ಎಲ್ಲಿ, ಅಂತ. ಆಕೆ ನಗ್ತಾ ಹೇಳಿದ್ರು, "ಈಗ ಭಾರಿ ಚುರುಕು ಮಾರಾಯ್ರೆ ಇವರು, ಮೊದಲು ಅಂಕಕ್ಕೆ ಹೋಗುವವರನ್ನು ಕಂಡ್ರೆ ಆಗ್ತಿರ್ಲಿಲ್ಲ, ಈಗ ಹಿತ್ತಲಲ್ಲಿ ಅಂಕದ ಕೋಳಿ ಆರು ಕಟ್ಟಿದ್ದಾರೆ, ರಾತ್ರಿ ಎದ್ದು ಟಾರ್ಚ್ ಹಾಕಿ ನೋಡ್ತಾರೆ." ಆತ ಕಿಟಕಿ ಕಡೆ ಮುಖ ಮಾಡಿ ಕೂತಿದ್ರು, ಕೇಳಿಸದವರ ಹಾಗೆ.

ನನ್ನ ಹೆಂಡತಿ ನನ್ನ ಮುಖ ನೋಡಿದ್ಳು. ಮತ್ತೆ ಆಕೆಯ ಕೈ ಮೇಲೆ ಕೈ ಇಟ್ಟು ಕೇಳಿದ್ಳು, "ಯಾವ ಮಾತ್ರೆ ಕೊಟ್ಟಿದ್ದಾರೆ ನಿಮಗೆ? ಚೀಟಿ ಉಂಟಾ?"

ಆಕೆ ಬ್ಯಾಗಿನ ಜಿಪ್ ಎಳೆದು ಹುಡುಕ್ಲಿಕ್ಕೆ ಶುರು ಮಾಡಿದ್ರು.